ನಲ್ಲಿಯ ಸಾಲಿನಲ್ಲಿ ಲಕ್ಷ್ಮಣಪ್ಪನ ಪುಸ್ತಕ

ಬೊಮ್ಮನಹಳ್ಳಿಯ ಲಕ್ಷ್ಮಣಪ್ಪ ಪುಸ್ತಕ ಬರೆದದ್ದು ತಪ್ಪಲ್ಲ. ಬರೆಯುವ ಚಟ ಯಾರಿಗೆ ಬೇಕಾದರೂ ಬರಬಹುದು, ನೆಗಡಿ ಬಂದ ಹಾಗೆ. ಆದರೆ ಅದನ್ನು ಕೈಯಿಂದ ದುಡ್ಡು ಹಾಕಿ ಇನ್ನೂರು ಪ್ರತಿ ಅಚ್ಚು ಹಾಕಿಸಿ, ಕಟ್ಟುಗಳನ್ನು ತಂದು ಹೆಂಡತಿ ರಾಗಿ ಡ್ರಮ್ಮು ಇಡುವ ಮೂಲೆಯಲ್ಲಿ ಪೇರಿಸಿದನಲ್ಲ, ಎಡವಟ್ಟಾದದ್ದು ಅಲ್ಲಿ.

ಪುಸ್ತಕದ ಹೆಸರು ‘ಬೇಸಿಗೆ, ಗುರಿ ಮತ್ತು ಓದು’. ನಲವತ್ತು ಪುಟ. ಹೊಸೂರು ರಸ್ತೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಲಕ್ಷ್ಮಣಪ್ಪ ಹಿಂದಿನ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಹಳೇ ರಸೀದಿಗಳ ಬೆನ್ನ ಮೇಲೆ ಬರೆದದ್ದು ಅದು. ಬೇಸಿಗೆ ದೇವರು ಮನುಷ್ಯನಿಗೆ ಕೊಟ್ಟ ಬಿಡುವು, ಬಿಡುವಿದ್ದವನು ಓದಬೇಕು, ಓದಿದವನಿಗೆ ಬಾಳಿನ ಗುರಿ ತಾನಾಗಿ ಕಾಣುತ್ತದೆ ಎಂಬುದು ಅದರ ಸಾರಾಂಶ. ಪ್ರಕಾಶಕರು ಯಾರೂ ಮುಟ್ಟದಿದ್ದಾಗ ಲಕ್ಷ್ಮಣಪ್ಪ ತನ್ನ ಹೆಸರನ್ನು ಲೇಖಕನ ಜಾಗದಲ್ಲಿ ಒಮ್ಮೆ, ಪ್ರಕಾಶಕನ ಜಾಗದಲ್ಲಿ ಇನ್ನೊಮ್ಮೆ ಹಾಕಿಸಿದ. ಎರಡನೆಯದು ಅವನಿಗೆ ಇನ್ನೂ ಚೆನ್ನಾಗಿ ಕಂಡಿತು.

ಎಂಬತ್ತಮೂರನೇ ಇಸವಿಯ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಅನುಸೂಯಮ್ಮನ ತಾಳ್ಮೆ ಮುಗಿಯಿತು.

“ನೋಡಿ, ಇವತ್ತು ಸಂಜೆ ಒಳಗೆ ನಿಮ್ ಪುಸ್ತಕಾನ ಮೊದಲ್ನೇ ಪುಟದಿಂದ ಕೊನೇ ಪುಟದ ತನಕ ಓದಿರೋರು ಒಬ್ಬರನ್ನ ತೋರಿಸಿ. ಒಬ್ಬರೇ ಒಬ್ಬರು ಸಾಕು. ತೋರಿಸಿದ್ರೆ ಕಟ್ಟು ಅಲ್ಲೇ ಇರ್ಲಿ, ಕುಂಕುಮ ಇಟ್ಟು ಪೂಜೆ ಮಾಡ್ತೀನಿ. ಇಲ್ದಿದ್ರೆ ನಾಳೆಯಿಂದ ಹಂಡೆ ಒಲೆಗೆ.”

“ನೀನೇ ಓದ್ಬಹುದಲ್ಲ?”

“ಬಾಯಲ್ಲಿ ಹೇಳೋದನ್ನ ದಿನಾ ಕೇಳ್ತಿಲ್ವಾ? ಅಚ್ಚಾಗಿರೋದ್ನೂ ಓದ್ಬೇಕಾ?”

ಲಕ್ಷ್ಮಣಪ್ಪ ಒಂದು ಪ್ರತಿಯನ್ನು ಅವಳ ಪಕ್ಕದಲ್ಲೇ ಇಟ್ಟು, ನಲವತ್ತು ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ಬೀದಿಯ ಮನೆಮನೆಗೂ ಹಂಚಿದ. ಯಾರ ಪುಸ್ತಕದ ಮೇಲೂ ಹೆಸರು ಬರೆಯಲಿಲ್ಲ. ಓದಿ ಮುಗಿಸಿದವರಿಗೆ ಮಾತ್ರ ತನ್ನ ಹಸ್ತಾಕ್ಷರ ಎಂದು ಅವನು ಮೊದಲೇ ನಿಶ್ಚಯಿಸಿದ್ದ. ಲೇಖಕನಾದ ಮೇಲೆ ಅಷ್ಟಾದರೂ ಬಿಗುಮಾನ ಬೇಡವೇ? ಜನ ಬೇಡವೆನ್ನಲಿಲ್ಲ. ಪುಕ್ಕಟೆ ಕೊಟ್ಟದ್ದನ್ನು ಬೇಡವೆನ್ನುವ ಕೆಟ್ಟ ಬುದ್ಧಿ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಹತ್ತೂವರೆಗೆ ಓದು ಎಲ್ಲಿಯವರೆಗೆ ಬಂತೆಂದು ನೋಡಲು ಬೀದಿಗಿಳಿದವನು ಹಾಗೇ ನಿಂತುಬಿಟ್ಟ. ಬೀದಿ ನಲ್ಲಿಯಿಂದ ಹೊಂಗೆಮರದವರೆಗೆ ಸಾಲಾಗಿ ಅವನ ಪುಸ್ತಕಗಳು! ಒಂದೊಂದರ ಮೇಲೂ ಒಂದೊಂದು ಕಲ್ಲು. ಬಯಲಿನಲ್ಲಿ ಪುಸ್ತಕ ಪ್ರದರ್ಶನ ಇಟ್ಟಿದ್ದಾರೆಂದೇ ತಿಳಿದ.

ವಿಷಯ ಬೇರೆ ಇತ್ತು. ಆ ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ, ಹನ್ನೊಂದಕ್ಕೆ, ಒಂದು ಗಂಟೆ ಹೊತ್ತು. ಸರದಿಗೆ ಕೊಡ ಇಟ್ಟು ಹೋದರೆ ಕೊಡವೇ ಮಾಯವಾಗುತ್ತಿತ್ತು. ಕಲ್ಲು ಇಟ್ಟರೆ ಕಲ್ಲು ತಾನಾಗಿ ನಡೆದುಕೊಂಡು ಹಿಂದಕ್ಕೆ ಹೋಗುತ್ತಿತ್ತು. ಅದಕ್ಕೇ ಮುನಿಯಕ್ಕ ಇವತ್ತು ಕೊಡದ ಬದಲು ಪುಸ್ತಕ ಇಟ್ಟಳು. ಇದನ್ನು ಯಾರೂ ಕದಿಯುವುದಿಲ್ಲ ಎಂಬ ಧೈರ್ಯ ಅವಳಿಗೆ ಸಂಪೂರ್ಣವಾಗಿತ್ತು. ಅವಳನ್ನು ನೋಡಿ ಬೀದಿಯೆಲ್ಲ ಅದನ್ನೇ ಮಾಡಿತು.

ಹನ್ನೊಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಎಲ್ಲರೂ ಕೊಡ ಹಿಡಿದು ಬಂದರು. ಆಗ ಗೊತ್ತಾಯಿತು.

“ಮೊದಲ್ನೇದು ನಂದು,” ಎಂದಳು ಮುನಿಯಕ್ಕ.

“ಯಾವೋಳ್ ಏಳಿದ್ದು? ಅದು ನಂದು ಕಣೇ,” ಎಂದಳು ಪಿಳ್ಳಮ್ಮ. “ನಿಂದು ಅಗೋ, ಮೂರ್ನೇದು.”

“ಮೂರ್ನೇದಕ್ಕೂ ಮೊದಲ್ನೇದಕ್ಕೂ ಏನೇ ಗುರ್ತು?”

ಗುರುತು ಏನೂ ಇರಲಿಲ್ಲ. ಒಂದೇ ಬಣ್ಣ, ಒಂದೇ ಗಾತ್ರ, ಎಲ್ಲದರ ಮೇಲೂ ಅದೇ ಲಕ್ಷ್ಮಣಪ್ಪನ ನಗುಮುಖ. ಮುನಿಯಕ್ಕ ಒಂದನ್ನು ಎಳೆದಳು, ಪಿಳ್ಳಮ್ಮ ಇನ್ನೊಂದನ್ನು ಎತ್ತಿದಳು, ಸಾಲು ಕಲಸಿದ ಮುದ್ದೆಯಾಯಿತು. ಕೊನೆಗೆ ಎಲ್ಲರ ಕಣ್ಣೂ ಲೇಖಕನ ಮೇಲೆ ಬಿತ್ತು.

“ಎಲ್ರಿಗೂ ಒಂದೇ ಥರ ಕೊಟ್ರೆ ಇಂಗೇ ಆಗೋದು ಲಕ್ಷ್ಮಣಣ್ಣ! ಒಬ್ಬೊಬ್ರಿಗೂ ಬೇರೆಬೇರೆ ಬರ್ಯಕ್ಕೆ ಏನಾಗಿತ್ತು ನಿಂಗೆ?” ಎಂದಳು ಪಿಳ್ಳಮ್ಮ.

“ಅಮ್ಮಾ, ಪುಸ್ತಕ ಅಂದ್ರೆ ಒಂದೇ ಥರಾನೇ ಅಚ್ಚಾಗೋದು.”

“ಅಂಗಾರೆ ಅಚ್ಚು ಯಾಕ್ ಆಕ್ಸಿದೆ?”

ಅಷ್ಟರಲ್ಲಿ ಊರಿನ ಹಿರಿಯ ಚಿಕ್ಕಬೈರಪ್ಪ ಕೋಲು ಊರಿಕೊಂಡು ಬಂದ. ಜಗಳವೆಂದರೆ ಅವನಿಗೆ ಹೊಟ್ಟೆ ತುಂಬ ಉಂಡಷ್ಟು ಸುಖ. ಎರಡೂ ಕಡೆ ಕೇಳಿ, ಮೀಸೆ ತೀಡಿ, ತೀರ್ಪು ಕೊಟ್ಟ.

“ಹೊಲ ಯಾರ್ದು? ಉತ್ತೋನ್ದು. ಪುಸ್ತಕ ಯಾರ್ದು? ಓದ್ದೋರ್ದು! ಎಲ್ರೂ ಮರದ ಕೆಳಗೆ ಕುಂತ್ಕಂಡು ಓದ್ರಿ. ಯಾರು ಮೊದ್ಲು ಕೊನೇ ಪುಟ ಮುಗುಸ್ತಾರೋ ಅವ್ರ ಕೊಡ ಮೊದ್ಲು. ಓದಿದ್ದು ಸುಳ್ಳೋ ನಿಜವೋ ಲಕ್ಷ್ಮಣ ಕೇಳ್ತಾನೆ. ಏನ್ಲಾ?”

ಲಕ್ಷ್ಮಣಪ್ಪನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಬೆಳಿಗ್ಗೆಯಿಂದ ಅವನು ಹುಡುಕುತ್ತಿದ್ದದ್ದು ಒಬ್ಬ ಓದುಗನನ್ನು. ಈಗ ನಲವತ್ತು ಮನೆಯವರು ಕೊಡ ಬದಿಗಿಟ್ಟು, ಹೊಂಗೆಯ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಪುಸ್ತಕ ಬಿಡಿಸಿದರು. ಅಕ್ಷರ ಬಂದವರು ಗಟ್ಟಿಯಾಗಿ ಓದಿದರು. ಬಾರದವರು ಅವರ ಪಕ್ಕ ಕಿವಿಯಿಟ್ಟು ಕೂತರು. ನಾಲ್ಕನೇ ಕ್ಲಾಸು ಪಾಸಾದ ಪಿಳ್ಳಮ್ಮ ರೈಲಿನಂತೆ ಓದುತ್ತಿದ್ದಳು, ಅಕ್ಷರದ ಗಂಧವಿಲ್ಲದ ಮುನಿಯಕ್ಕ ಅವಳ ಬೆನ್ನಿಗಂಟಿ ಕೂತು ಪುಕ್ಕಟೆ ಕೇಳುತ್ತಿದ್ದಳು.

“ಮೆಲ್ಲಗೋದೇ, ನಂಗೂ ಕೇಳ್ಲಿ!”

“ನಿಂಗೆ ಕೇಳಿಸ್ಬಾರ್ದು ಅಂತ್ಲೇ ಓಡುಸ್ತಿರೋದು!”

ಲಕ್ಷ್ಮಣಪ್ಪ ಒಬ್ಬೊಬ್ಬರ ಹಿಂದೆಯೂ ಹೋಗಿ ನಿಂತು ಕೇಳಿದ. ತಾನು ಬರೆದ ಮಾತು ಬೇರೆಯವರ ಬಾಯಲ್ಲಿ ಎಷ್ಟು ಚೆಂದ! ಬಿಸಿಲಿಗೆ ನೆತ್ತಿ ಸುಡುತ್ತಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಬದುಕಿನಲ್ಲಿ ಅವನು ಅಷ್ಟು ಸಂತೋಷಪಟ್ಟದ್ದು ಮದುವೆಯ ದಿನವೂ ಇಲ್ಲ. ಈ ಮಾತನ್ನು ಅವನು ಅನುಸೂಯಮ್ಮನಿಗೆ ಎಂದೂ ಹೇಳಲಿಲ್ಲ.

ಪಿಳ್ಳಮ್ಮ ಮೂವತ್ತನೇ ಪುಟ ದಾಟಿದಳು. ಮೂವತ್ತೈದು. ಮೂವತ್ತೆಂಟು. ಲಕ್ಷ್ಮಣಪ್ಪ ಹಸ್ತಾಕ್ಷರಕ್ಕೆ ಪೆನ್ನಿನ ಮುಚ್ಚಳ ತೆಗೆದ. ಇನ್ನು ಎರಡೇ ಪುಟ.

ಆಗ ನಲ್ಲಿ ಕೆಮ್ಮಿತು. ನೀರು ನಿಲ್ಲುವ ಮೊದಲು ಅದು ಹಾಗೆ ಮೂರು ಸಲ ಕೆಮ್ಮುವುದು ಬೀದಿಗೆಲ್ಲ ಗೊತ್ತು. ಪಿಳ್ಳಮ್ಮ ಪುಸ್ತಕ ಬಿಸಾಡಿ ಓಡಿದಳು. ಎಲ್ಲರೂ ಓಡಿದರು. ನಲ್ಲಿಯಿಂದ ಎರಡು ಹನಿ ಬಿತ್ತು, ಮೂರನೆಯದು ಬೀಳಲಿಲ್ಲ. ಒಂದು ಗಂಟೆ ನೀರು ಬಂದು ಹೋಗಿತ್ತು. ಪುಸ್ತಕದಿಂದ ಒಬ್ಬರೂ ತಲೆ ಎತ್ತಿರಲಿಲ್ಲ, ಓದುವ ಗಲಾಟೆಯಲ್ಲಿ ಅದರ ಸದ್ದೂ ಕೇಳಿಸಿರಲಿಲ್ಲ.

ಆದರೆ ನೆಲದ ಮೇಲೆ ತುಳುಕಿದ ನೀರಿನ ಗುರುತು ಉದ್ದಕ್ಕೂ ಇತ್ತು. ಅದನ್ನು ಹಿಡಿದು ಹೊರಟ ಜನ ಹೋಗಿ ನಿಂತದ್ದು ಲಕ್ಷ್ಮಣಪ್ಪನ ಮನೆಯ ಮುಂದೆ. ಒಳಗೆ ಕೊಡ, ಬಿಂದಿಗೆ, ಹಂಡೆ, ತೊಟ್ಟಿ, ಹಿಟ್ಟು ನಾದುವ ಪಾತ್ರೆ ಕೂಡ ತುಂಬಿ ತುಳುಕುತ್ತಿದ್ದವು. ಅನುಸೂಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

“ಅಲಲಲಾ! ಗಂಡ ಪುಸ್ತಕ ಕೊಟ್ಟು ಕೂರ್ಸೋದು, ಹೆಂಡ್ತಿ ನೀರ್ ಹೊಡ್ಯೋದು!” ಎಂದಳು ಮುನಿಯಕ್ಕ. “ಗಂಡ ಹೆಂಡ್ತಿ ಸೇರ್ಕಂಡು ಬೀದೀನೇ ಮುಳುಗಿಸ್ಬಿಟ್ರಲ್ಲಪ್ಪ!”

“ದೇವರಾಣೆ ನಂಗೊತ್ತಿಲ್ಲ!” ಎಂದ ಲಕ್ಷ್ಮಣಪ್ಪ. ಒಬ್ಬರೂ ನಂಬಲಿಲ್ಲ.

“ಅವರಿಗೆ ಅಷ್ಟು ಬುದ್ಧಿ ಇದ್ದಿದ್ರೆ ನಂಗ್ಯಾಕೆ ಈ ಕಷ್ಟ?” ಎಂದಳು ಅನುಸೂಯಮ್ಮ. “ಸೆಖೆ ಅಂತ ಆ ಪುಸ್ತಕದಲ್ಲಿ ಗಾಳಿ ಬೀಸ್ಕೋತಾ ಇದ್ದೆ. ಬೇಜಾರಿಗೆ ಬಿಡಿಸಿ ನೋಡ್ದೆ. ಅಷ್ಟೊತ್ತಿಗೆ ನಿಮ್ ಜಗಳ ಕೇಳಿಸ್ತು, ನೋಡೋಣ ಅಂತ ಎದ್ದೆ. ಇಪ್ಪತ್ತೆರಡನೇ ಪುಟದಲ್ಲಿ ಇವರು ಬರ್ದಿದ್ರು, ‘ಹತ್ತು ಜನ ಜಗಳವಾಡುವ ಕಡೆ ಹೋಗಿ ನಿಲ್ಲಬೇಡ, ಆ ಹೊತ್ತಿನಲ್ಲಿ ನಿನ್ನ ಕೆಲಸ ಮುಗಿಸಿಕೊ’ ಅಂತ. ಸರಿ ಅನ್ನಿಸ್ತು. ಮುಗಿಸ್ಕೊಂಡೆ. ಈಗ ಮನೆಗೆ ಎರಡೆರಡು ಕೊಡ ತುಂಬ್ಕೊಂಡು ಹೋಗಿ, ನಾನೇನ್ ಇಷ್ಟ್ರಲ್ಲೂ ಈಜಾಡ್ತೀನಾ?”

ಲಕ್ಷ್ಮಣಪ್ಪನಿಗೆ ಕಣ್ಣು ತುಂಬಿ ಬಂತು. ಅವನ ಮಾತನ್ನು ಓದಿ, ನಂಬಿ, ಅದರಂತೆ ನಡೆದವಳು ಮನೆಯಲ್ಲೇ ಇದ್ದಳು!

“ಆಮೇಲೆ? ಇಪ್ಪತ್ಮೂರನೇ ಪುಟ?”

“ಅದ್ಯಾರು ಓದ್ತಾರೆ? ಕೊಡ ತಗೊಂಡು ಹೊರಟೆನಲ್ಲ.”

ಚಿಕ್ಕಬೈರಪ್ಪ ಅನುಸೂಯಮ್ಮನ ಪುಸ್ತಕ ತರಿಸಿ, ಪಿಳ್ಳಮ್ಮನ ಕೈಯಲ್ಲಿ ಆ ಪುಟವನ್ನು ಇನ್ನೊಮ್ಮೆ ಓದಿಸಿದ. “ಎಲಾ ಇವ್ನ! ಮೂವತ್ತು ವರ್ಸದಿಂದ ಜಗಳ ಕಾಯ್ದಿದ್ದೇ ಬಂತು, ನನ್ ಮನೇಲಿ ಒಂದಿನಾನೂ ಇಷ್ಟು ನೀರು ಕಾಣ್ಲಿಲ್ಲ. ಇದು ಬಾಗ್ಲಿಗೆ ಅಂಟುಸ್ಕಳೋ ಮಾತು ಕಣ್ರೋ!” ಎನ್ನುತ್ತಾ ಆ ಹಾಳೆಯನ್ನು ಪರ್ರನೆ ಹರಿದು, ಉಳಿದ ಪುಸ್ತಕವನ್ನು ಲಕ್ಷ್ಮಣಪ್ಪನ ಕೈಗಿಟ್ಟ.

ಆಮೇಲೆ ತಡೆಯಲಾಗಲಿಲ್ಲ. ಮರದ ಕೆಳಗೆ ಬಿಸಾಡಿ ಬಂದಿದ್ದ ಪುಸ್ತಕಗಳನ್ನು ಎಲ್ಲರೂ ಎತ್ತಿಕೊಂಡು ಬಂದರು. ನಲವತ್ತು ಕಡೆ ಪರ್ರ್ ಎಂದಿತು, ಉಳಿದ ಪುಸ್ತಕಗಳು ಮೂಲೆಗೇ ವಾಪಸು ಬಂದು ಬಿದ್ದವು. “ವರ್ತೂರಿನ ಮಗಳ ಮನೆಗೊಂದು,” ಎಂದಳು ಪಿಳ್ಳಮ್ಮ. “ಜಿಗಣಿ ತಮ್ಮಂಗೆ ಎರಡು,” ಎಂದಳು ಮುನಿಯಕ್ಕ. ಸುದ್ದಿ ಹಿಂದಿನ ಬೀದಿಗೂ ಹೋಯಿತು. ಜನ ಬಂದರು, ರಾಗಿ ಮೂಲೆಯ ಕಟ್ಟುಗಳು ಬಿಚ್ಚಿಕೊಂಡವು. “ಪೂರ್ತಿ ಪುಸ್ತಕ ತಗೊಂಡು ಹೋಗಿ!” ಎಂದು ಲಕ್ಷ್ಮಣಪ್ಪ ಕೈಮುಗಿದ. “ಅಯ್ಯೋ, ಅಷ್ಟೆಲ್ಲ ಯಾಕೆ ಅಣ್ಣ, ಜಾಗ ಎಲ್ಲೈತೆ?” ಎಂದು ಎಲ್ಲರೂ ಒಂದೊಂದು ಹಾಳೆ ಹರಿದುಕೊಂಡು ಹೋದರು. ನಾಲ್ಕು ಗಂಟೆಗೆ ಇನ್ನೂರು ಪುಸ್ತಕವೂ ಮೂಲೆಯಲ್ಲೇ ಇದ್ದವು, ಒಂದೊಂದು ಹಾಳೆ ಕಡಿಮೆಯಾಗಿ.

ಐದು ಗಂಟೆಗೆ ಊರಿನ ಶಾಲೆಯ ಹೆಡ್ ಮೇಡಂ ನಾಗಲಕ್ಷ್ಮಮ್ಮ ಬಂದರು. “ಊರೆಲ್ಲ ನಿಮ್ಮ ಪುಸ್ತಕದ್ದೇ ಮಾತು. ಒಂದು ಕೊಡಿ, ಇಲ್ಲೇ ಕೂತು ಓದಿ ಮುಗಿಸಿಬಿಡ್ತೀನಿ,” ಎಂದರು. ಲಕ್ಷ್ಮಣಪ್ಪ ಚಾಪೆ ಹಾಸಿದ. ಆಕೆ ಕನ್ನಡಕ ಹಾಕಿಕೊಂಡು ಇಪ್ಪತ್ತರವರೆಗೆ ಓದಿ ತಲೆದೂಗಿದರು. “ಮುಂದೆ ಇಪ್ಪತ್ಮೂರು ಬರುತ್ತಲ್ಲ?”

“ಬನ್ನಿ ಮೇಡಂ, ಹತ್ರಾನೇ ಇದೆ,” ಎಂದು ಲಕ್ಷ್ಮಣಪ್ಪ ಆಕೆಯನ್ನು ಚಿಕ್ಕಬೈರಪ್ಪನ ಮನೆಗೆ ಕರೆದೊಯ್ದ. ಬಾಗಿಲ ಮೇಲೆ ಇಪ್ಪತ್ತೆರಡನೇ ಪುಟವಿತ್ತು. ಆಕೆ ನಿಂತು ಓದಿದರು, ಮೆಚ್ಚಿದರು. ಇಪ್ಪತ್ತೊಂದನೆಯದು ಹಾಳೆಯ ಇನ್ನೊಂದು ಬದಿಯಲ್ಲಿ, ಗಂಜಿ ಹಾಕಿ ಬಾಗಿಲಿಗೆ ಬಿಗಿಯಾಗಿ ಅಂಟಿತ್ತು. ಲಕ್ಷ್ಮಣಪ್ಪ ಉಗುರಿನಲ್ಲಿ ಕೆರೆದ. ಹೊಸದಾಗಿ ಅಂಟಿಸಿದ್ದನ್ನು ಕಿತ್ತರೆ ಕೈ ಮುರಿಯುತ್ತೇನೆಂದು ಚಿಕ್ಕಬೈರಪ್ಪ ಕೋಲು ಎತ್ತಿದ. ಬೀದಿಯ ಉಳಿದ ಬಾಗಿಲುಗಳಲ್ಲೂ ಹಾಳೆ ಹಾಗೇ ಅಂಟಿತ್ತು. ಮೇಡಂ ವಾಪಸು ಬಂದು ಉಳಿದದ್ದನ್ನೂ ಒಂದಕ್ಷರ ಬಿಡದೆ ಓದಿ, “ತುಂಬ ಚೆನ್ನಾಗಿದೆ” ಎಂದು ಹೇಳಿ ಹೋದರು.

ಲಕ್ಷ್ಮಣಪ್ಪ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ.

“ಮೂವತ್ತೊಂಬತ್ತು,” ಎಂದಳು ಅನುಸೂಯಮ್ಮ. “ಒಂದು ಪುಟ ಕಡಿಮೆ.”