ಆರ್ಲಿನ್ ಎಳೆದ ಹದಿನಾಲ್ಕು ಗೆರೆ

ಗೆರೆ ನೇರ ಬರಲು ಹಿಡಿಯುವ ದಾರವನ್ನು ಮನೆಯಲ್ಲೇ ಮರೆತು ಬಂದದ್ದು ಆರ್ಲಿನ್‌ನ ತಪ್ಪು. ಮಿನೆಸೋಟದ ಆ ಪುಟ್ಟ ಊರಿನ ಚರ್ಚಿನಲ್ಲಿ ಅವನಿಗೆ ಮೇಲುಕೆಲಸ. ಅಂದು ಕಾರು ನಿಲ್ಲಿಸುವ ಅಂಗಳಕ್ಕೆ ಓರೆಯಾಗಿ ಬಿಳಿ ಗೆರೆ ಎಳೆಯಬೇಕಿತ್ತು. ಹಾಳಾದ್ದು, ಕೆರೆಗಳಲ್ಲಿ ಮೀನು ಹಿಡಿಯಲು ಅಪ್ಪಣೆ ಸಿಗುವ ವರ್ಷದ ಮೊದಲ ದಿನವೂ ಅಂದೇ. ದೋಣಿಯನ್ನು ಟ್ರಕ್ಕಿಗೆ ಕಟ್ಟಿಯಾಗಿತ್ತು. ಹತ್ತು ಗಂಟೆ ದಾಟಿದರೆ ಕಾಯುವುದಿಲ್ಲ ಎಂದು ಭಾವಮೈದುನ ಕಡ್ಡಿ ಮುರಿದಂತೆ ಹೇಳಿದ್ದ.

"ದಾರ ಯಾಕಯ್ಯ? ಬೀಜಗಣಿತ ಇದೆಯಲ್ಲ," ಎನ್ನುತ್ತ ಎದುರುಮನೆಯ ಬರ್ನಿಸ್ ಹೌಗೆನ್ ಕುರ್ಚಿ ಹೊತ್ತು ಬಂದರು. ಒಂಬತ್ತನೇ ತರಗತಿಯಲ್ಲಿ ಆರ್ಲಿನ್‌ನನ್ನು ಫೇಲು ಮಾಡಿದ ಗಣಿತದ ಟೀಚರ್. ವಯಸ್ಸು ಎಂಬತ್ತೊಂದಾದರೂ ಗಂಟಲು ಇಳಿದಿರಲಿಲ್ಲ.

ಅಂಗಳದ ಎಡ ಮೂಲೆಯೇ ಸೊನ್ನೆ. ಅಂಚಿನುದ್ದಕ್ಕೂ x, ಅಂಚಿನಿಂದ ಒಳಕ್ಕೆ y. ಮೊದಲ ಗೆರೆಯನ್ನು ಟೀಚರೇ ಸೀಮೆಸುಣ್ಣದಲ್ಲಿ ಎಳೆದರು: y = 2x.

"ಇದಕ್ಕೆ ಸಮಾಂತರವಾಗಿ ಇನ್ನೊಂದು, ಒಂಬತ್ತು ಅಡಿ ಆಚೆಯಿಂದ. ಸಮೀಕರಣ ಹೇಳು."

"ಬಣ್ಣ ಒಣಗ್ತಿದೆ ಟೀಚರ್."

"ನಿನ್ನ ತಲೆ ಒಣಗಿ ನಲವತ್ತು ವರ್ಷ ಆಯ್ತು. ಹೇಳು."

ಆರ್ಲಿನ್ ಬೆವರಿದ. "ಇಳಿಜಾರು ಅದೇ ಎರಡು. x ಒಂಬತ್ತಾದಾಗ y ಸೊನ್ನೆ ಆಗ್ಬೇಕು. ಅಂದ್ರೆ ಹದಿನೆಂಟು ಕಳೀಬೇಕು. y = 2x - 18."

"ಎಳಿ."

ಮುಂದಿನದಕ್ಕೆ ಮೂವತ್ತಾರು, ಅದರ ಮುಂದಿನದಕ್ಕೆ ಐವತ್ತನಾಲ್ಕು ಕಳೆದ. ಹತ್ತಕ್ಕೆ ಕಾಲು ಗಂಟೆ ಇರುವಾಗ ಹದಿನಾಲ್ಕು ಗೆರೆಗಳು ಬಾಚಿದ ಕೂದಲಿನಂತೆ ಮಲಗಿದ್ದವು. ಅವನಿಗೇ ನಂಬಿಕೆ ಬರಲಿಲ್ಲ.

"ನೂರಕ್ಕೆ ನೂರು," ಎಂದರು ಟೀಚರ್.

ಅಷ್ಟರಲ್ಲಿ ಪಾದ್ರಿ ಲಿಂಡಾಲ್ ಅವರ ಕಾರು ಎಡಗಡೆಯ ಗೇಟಿನಿಂದ ಒಳಬಂತು. ಗೆರೆಗಳೆಲ್ಲ ಅವರಿಗೆ ಬೆನ್ನು ತಿರುಗಿಸಿದ್ದವು, ನೇರ ನುಗ್ಗುವಂತಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಮೂರನೇ ಸಲಕ್ಕೆ ಹೇಗೋ ತೂರಿಸಿ ಇಳಿದರು.

"ಒಂಥರಾ ಬೇರೆಯಾಗಿದೆ," ಎಂದು ನಕ್ಕು ಒಳಗೆ ಹೋದರು. ಆ ಊರಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಯಾರಿಗೂ ಗೊತ್ತಿಲ್ಲ.

"ಟೀಚರ್, ನಿಮ್ಮ ಮೊದಲ ಗೆರೆಯೇ ಉಲ್ಟಾ ವಾಲಿದೆ!"

"ಗೊತ್ತು."

"ಗೊತ್ತಿದ್ದೂ..."

"ಒಂಬತ್ತನೇ ಕ್ಲಾಸಲ್ಲಿ ಇದೇ ಪಾಠದ ಪರೀಕ್ಷೆ ತಪ್ಪಿಸ್ಕೊಂಡು ಮೀನು ಹಿಡಿಯೋಕೆ ಹೋಗಿದ್ದೆ ನೀನು. ಆ ಬಾಕಿ ಇವತ್ತು ತೀರ್ತು." ಟೀಚರ್ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. "ಕಪ್ಪು ಬಣ್ಣ ತಂದು ಇದನ್ನೆಲ್ಲ ಅಳಿಸು. ಆಮೇಲೆ ಇಳಿಜಾರು ಮೈನಸ್ ಎರಡು. ಸಂಜೆವರೆಗೂ ನಾನಿಲ್ಲೇ ಇರ್ತೀನಿ."