ಹಾಡಿಗೆಷ್ಟು, ಹೂವಿಗೆಷ್ಟು?

ಗಣಿತದ ಮಾಸ್ತರರು ಪುಣ್ಯವಂತರು, ಅವರಿಗೆ ಉತ್ತರ ಒಂದೇ. ಹಾಡಿಗೆ, ನಾಟಕಕ್ಕೆ, ಚಿತ್ರಕ್ಕೆ ಅಂಕ ಹಾಕುವವನಿಗೆ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ನಾನು ಬರೀ ಡ್ರಾಯಿಂಗ್ ಮಾಸ್ತರ. ಆದರೆ ಎಪ್ಪತ್ತು-ಎಂಬತ್ತರ ದಶಕದಲ್ಲಿ ಪರೀಕ್ಷಕರು ಸಿಗುತ್ತಿರಲಿಲ್ಲವೆಂದು ಮೂರಕ್ಕೂ ನನ್ನನ್ನೇ ಕಳಿಸುತ್ತಿದ್ದರು. ನನ್ನಿಂದ ಯಾರದೋ ಮನೆಯ ಮಗು ನಪಾಸಾಗಿ ವರ್ಷ ಹಾಳಾದೀತೆಂಬ ಅಂಜಿಕೆ ಮಕ್ಕಳಿಗಿಂತ ನನಗೇ ಹೆಚ್ಚಿತ್ತು.

೧

ಗದಗಿನ ಶಾಲೆಯೊಂದರಲ್ಲಿ ನೋಡಿ ಬಿಡಿಸಲೆಂದು ಪಕ್ಕದ ಮನೆಯಿಂದ ತಾಮ್ರದ ಕೊಡ ತರಿಸಿ ಮೇಜಿನ ಮೇಲೆ ಇಟ್ಟಿದ್ದೆ. ಮಕ್ಕಳು ಬಿಡಿಸುತ್ತ ಕೊಡದ ಕುತ್ತಿಗೆಯವರೆಗೆ ಬಂದಿದ್ದರು. ಅಷ್ಟರಲ್ಲಿ ಆ ಮನೆಯ ಅವ್ವ ಸೀದಾ ಒಳಗೆ ಬಂದು ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು.

"ಅವ್ವಾರ, ಪರೀಕ್ಷಾ ನಡದೈತ್ರಿ," ಎಂದೆ.

"ಎಂಟು ದಿನದ ಮ್ಯಾಲ ನಳದಾಗ ನೀರು ಬಂದೈತ್ರಿ ಮಾಸ್ತರ. ಪರೀಕ್ಷಾ ನಾಳೆನೂ ಮಾಡಾಕ ಬರತೈತಿ," ಎಂದು ಹೊರಟೇ ಹೋದರು.

೨

ಲಕ್ಷ್ಮೇಶ್ವರದ ಗಾಯನ ಪರೀಕ್ಷೆಯಲ್ಲಿ ನನಗೆ ರಾಗವೂ ತಿಳಿಯದು, ತಾಳವೂ ತಿಳಿಯದು. ತಬಲಾ ನುಡಿಸಲು ಒಬ್ಬ ಹಿರಿಯ ಸಾಹೇಬರು ಬಂದಿದ್ದರು. ಅವರು ತಲೆದೂಗಿದಷ್ಟು ಅಂಕ ಹಾಕಿಬಿಡೋಣವೆಂದುಕೊಂಡೆ. ಕೊನೆಯ ಹುಡುಗಿಗೆ ಅವರ ತಲೆ ತೂಗಿದ್ದೇ ತೂಗಿದ್ದು. ತೊಂಬತ್ತು ಹಾಕಿದೆ.

"ಭಾಳ ಛಲೋ ಹಾಡಿದ್ಲಲ್ರಿ ಸಾಹೇಬ್ರ?"

"ಖರೆ ಹೇಳ್ಲೇನ್ರಿ ಮಾಸ್ತರ? ಊಟ ಆದಮ್ಯಾಲ ಯಾರ್ದೂ ಕೇಳಿಲ್ಲ ನಾ. ತೂಕಡಿಸಾಕತ್ತಿದ್ದೆ. ಕೈ ಅಷ್ಟ ನಡದಿತ್ತು."

೩

ಮುಂಡರಗಿಯಲ್ಲಿ ನಾಟಕ. ರಾಜ ಸತ್ತು ಬಿದ್ದಿದ್ದ, ರಾಣಿ ಅಳುತ್ತಿದ್ದಳು, ನನಗೂ ಕಣ್ಣು ತುಂಬಿತ್ತು. ಆಗಲೇ ಹೆಡ್‌ಮಾಸ್ತರು ಬಾಗಿಲಲ್ಲಿ ಬಂದು ನಿಂತರು. ರಾಣಿ ಎದ್ದಳು, ಮಂತ್ರಿ ನೆಟ್ಟಗೆ ನಿಂತ, ಹೆಣವೂ ಎದ್ದು ಕೈಮುಗಿದು "ನಮಸ್ಕಾರ್ರೀ ಸರ್" ಎಂದಿತು. ಅವರು ಕೂತುಕೊಳ್ಳಿರೆಂದು ಕೈ ಮಾಡಿದ ಮೇಲೆ ಮತ್ತೆ ಸತ್ತಿತು.

"ಸತ್ತಾಂವ ಎದ್ದೇಳ್ತಾನೇನಲೇ?" ಎಂದು ಆಮೇಲೆ ರಾಜನನ್ನು ಕೇಳಿದೆ.

"ಏಳದಿದ್ರ ಅವ್ರು ಖರೇನ ಸಾಯೂಹಂಗ ಹೊಡೀತಾರ್ರಿ ಸರ್."

೪

ಬೆಟಗೇರಿಯ ಚಿತ್ರಕಲೆ ಪರೀಕ್ಷೆಗೆ ನೇಕಾರರೊಬ್ಬರು ಮಗಳನ್ನು ಕರೆತಂದು, "ಪಾಸಾದ್ರ ಮುಂದ ಕಲ್ಯಾಕ ಕಳಸ್ತೀನ್ರಿ. ಇಲ್ಲಂದ್ರ ನಾಳಿಂದ ಮಗ್ಗಕ್ಕ ಕುಂಡ್ರಸ್ತೀನಿ," ಎಂದು ಅವಳ ಮುಂದೆಯೇ ಹೇಳಿದರು. ಹುಡುಗಿ ಅಳತೆಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಹೋದಳು.

ಚೌಕದ ತುಂಬ ಹೂಗಳ ವಿನ್ಯಾಸ ಬಿಡಿಸಬೇಕಿತ್ತು. ಅವಳು ಒಂದು ಮೂಲೆಯಲ್ಲಿ ಒಂದೇ ಹೂವು ಬಿಡಿಸಿ ಅರ್ಧ ತಾಸಿಗೇ ಕಾಗದ ತಂದುಕೊಟ್ಟಳು.

"ಉಳಿದಿದ್ದು?"

"ಉಳಿದಿದ್ದು ಮಗ್ಗ ನೇಯತೈತ್ರಿ ಸರ್."

ಅಪ್ಪ ಒಂದು ಹೂವು ಬರೆದರೆ ಸೀರೆಯುದ್ದಕ್ಕೂ ಅದೇ ಮೂಡುವುದನ್ನು ನೋಡಿ ಬೆಳೆದವಳು. ಹಾಗೇ ತೆಗೆದುಕೊಂಡರೆ ನಪಾಸು ಖಾತ್ರಿ. "ಇಲ್ಲಿ ಮಗ್ಗ ಇಲ್ಲವ್ವ, ಎಲ್ಲಾ ನೀನ ನೇಯಬೇಕು," ಎಂದು ವಾಪಸ್ ಕೂರಿಸಿದೆ.

ಗಂಟೆ ಬಾರಿಸುವ ಹೊತ್ತಿಗೆ ಚೌಕ ತುಂಬಿತ್ತು. ಒಂದೊಂದು ಎಸಳನ್ನೂ ಎಳೆ ಎಳೆಯಾಗಿ ಗೆರೆ ಹಾಕಿ ತುಂಬಿದ್ದಳು. ಅಷ್ಟು ಚೆಂದದ್ದನ್ನು ನಾನೂ ಬಿಡಿಸಲಾರೆ. ಖುಷಿಯಿಂದ ತೊಂಬತ್ತು ಬರೆಯುವಾಗ ಅಪ್ಪ ಒಳಗೆ ಬಂದು ಕಾಗದದ ಮೇಲೆ ಬಗ್ಗಿದರು. ಉಗುರಿನಿಂದ ಗೆರೆ ಎಣಿಸತೊಡಗಿದರು.

"ಈ ಹೂವಿನಾಗ ಎರಡು ಎಳಿ ಕಮ್ಮಿ ಬಿದ್ದಾವ್ರಿ."

"ಇರ್ಲಿ ಬಿಡ್ರಿ, ಪಾಸಾಗ್ಯಾಳ."

"ಅದ್ಹೆಂಗ ಬಿಡೂದ್ರಿ? ಇಂಥಾ ಸೀರಿ ಒಯ್ದ್ರ ಸಾವಕಾರ ವಾಪಸ್ ಒಗೀತಾನ."

ಹುಡುಗಿಯ ಮುಖ ಬಿಳುಚಿತು. ನಾನೂ ಎಣಿಸಿದೆ, ಉಳಿದ ಹೂಗಳಿಗಿಂತ ಎರಡು ಕಮ್ಮಿಯೇ ಇದ್ದವು. ಎಳೆಗೊಂದರಂತೆ ಎರಡು ಅಂಕ ಕಳೆದು ತೋರಿಸಿದೆ.

ಅವರು ಎಂಬತ್ತೆಂಟನ್ನು ಎರಡು ಸಲ ಓದಿ ತಲೆದೂಗಿದರು.

"ಹಾಂ, ಈಗ ಪಾಸ್ ಮಾಡ್ರಿ. ನಂದೇನೂ ತಕರಾರಿಲ್ಲ."