ಮೀಸೆಗೆ ಬ್ಲೀಚು, ಅಪ್ಪನಿಗೆ ಮಾಲೆ

ಅಪ್ಪ ಹಾಲಿನ ಡೈರಿ ಎಲೆಕ್ಷನ್‌ನಲ್ಲಿ ಎರಡು ಸಲ ಸೋತದ್ದಕ್ಕೆ ಕಾರಣ ನನ್ನ ಚರ್ಮ ಎಂದು ಕಂಡುಹಿಡಿದವನು ನಾನೇ. ಬೇರೆ ಯಾರಿಗೂ ಹೊಳೆದಿರಲಿಲ್ಲ.

ವಿಷಯ ಸರಳ. ಅಪ್ಪನ ಎದುರಾಳಿ ಪುಟ್ಟಮಾದಪ್ಪ. ಅವರ ಪರವಾಗಿ ಮನೆಮನೆಗೆ ಹೋಗಿ ವೋಟು ಕೇಳುತ್ತಿದ್ದವನು ಅವರ ಮೈಸೂರಿನ ಅಳಿಯ. ಅವನ ಮುಖ ಹುಣಸೆಹಣ್ಣು ಹಾಕಿ ಬೆಳಗಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನಮ್ಮೂರಲ್ಲಿ ಡೈರಿಗೆ ಹಾಲು ಹಾಕುವವರು ಹೆಚ್ಚಾಗಿ ಹೆಂಗಸರು. ಅವರು ಅವನನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಅಪ್ಪನ ಪರವಾಗಿ ಹೋಗುತ್ತಿದ್ದವನು ನಾನು. ನನಗೆ ನೀರು ಕೊಡುತ್ತಿದ್ದರು. ಅದೂ ಕೇಳಿದರೆ!

ನನ್ನ ಮುಖ ಹಾಗಾದದ್ದಕ್ಕೆ ಭೂಗೋಳವೇ ಹೊಣೆ. ಅಪ್ಪ, ಅವ್ವ ಊರಲ್ಲಿ; ನನ್ನ ಮನೆ ಗುಂಡ್ಲುಪೇಟೆ, ಕೆಲಸ ಚಾಮರಾಜನಗರ. ಬೆಳಿಗ್ಗೆ ಬೈಕಿನಲ್ಲಿ ಪೂರ್ವಕ್ಕೆ ಹೊರಟರೆ ಸೂರ್ಯ ಎದುರಿಗೆ. ಸಂಜೆ ಪಶ್ಚಿಮಕ್ಕೆ ವಾಪಸು ಬಂದರೆ ಮತ್ತೆ ಅವನೇ ಎದುರಿಗೆ! ಹನ್ನೊಂದು ವರ್ಷ ಒಂದೇ ಮುಖವನ್ನು ದಿನಕ್ಕೆರಡು ಹೊತ್ತು ಹುರಿದರೆ ಏನುಳಿಯುತ್ತದೆ? ಬೆನ್ನು ಮಾತ್ರ ಮದುವೆಯ ದಿನ ಇದ್ದ ಹಾಗೇ ಇತ್ತು. ಆದರೆ ಬೆನ್ನು ತೋರಿಸಿ ವೋಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಅಪ್ಪನಿಗೆ ಆಗ ಎಪ್ಪತ್ತು. ಅವರಿಗೆ ಕುರ್ಚಿಯ ಆಸೆ ಇರಲಿಲ್ಲ. ಅವರ ತಕರಾರು ಒಂದೇ: ಹಾಲಿಗೆ ನೀರು ಬೆರೆಸಿದವರಿಗೂ ಬೆರೆಸದವರಿಗೂ ಒಂದೇ ಮರ್ಯಾದೆ ಯಾಕೆ? ಡೈರೆಕ್ಟರಾಗಿ ಎಲ್ಲರ ಕ್ಯಾನಿಗೂ ತಾವೇ ನಿಂತು ನೀರು ಪತ್ತೆಹಚ್ಚುವ ಮೀಟರು ಇಳಿಸಬೇಕು, ಅಷ್ಟೆ. ಆ ವರ್ಷ ಉಳಿದ ಸ್ಥಾನಗಳೆಲ್ಲ ಅವಿರೋಧವಾಗಿ ತುಂಬಿ ಒಂದೇ ಒಂದಕ್ಕೆ ಸ್ಪರ್ಧೆ. ಮತ್ತೆ ಅಪ್ಪ, ಮತ್ತೆ ಪುಟ್ಟಮಾದಪ್ಪ.

"ಇದೇ ಕಡೇ ಸಲ ಕಣ್ಲಾ," ಎಂದರು ಅಪ್ಪ. "ಈ ಸಲ್ವೂ ಸೋತ್ರೆ ಎರಡ್ ಹಸಾನೂ ಮಾರ್ಬುಡ್ತೀನಿ. ಆ ಡೈರಿ ಬಾಗ್ಲು ತುಳಿಯಾಕಿಲ್ಲ."

ಅಪ್ಪ ಆ ಹಸುಗಳ ಜೊತೆ ಮಾತಾಡುವಷ್ಟು ನನ್ನ ಜೊತೆ ಮಾತಾಡಿದವರಲ್ಲ. ಅವನ್ನು ಮಾರಿದ ಮೇಲೆ ಅಪ್ಪ ಏನಾಗುತ್ತಾರೆಂದು ಯೋಚಿಸಲಾರದೆ ಚರ್ಮದ ಕಡೆ ಗಮನ ಹರಿಸಿದೆ.

ಗಂಡಸರ ಕ್ರೀಮುಗಳು ಆಗಷ್ಟೇ ಅಂಗಡಿಗೆ ಬರತೊಡಗಿದ್ದ ಕಾಲ. ಆದರೆ ಗುಂಡ್ಲುಪೇಟೆಯಲ್ಲಿ, ಈರುಳ್ಳಿ ಲಾರಿಯವರ ಮಧ್ಯೆ ನಿಂತು, ಪರಿಚಯದ ಅಂಗಡಿಯವನ ಕಣ್ಣಲ್ಲಿ ಕಣ್ಣಿಟ್ಟು, "ಮುಖಕ್ಕೆ ಹಚ್ಚೋದು ಕೊಡಿ" ಎನ್ನಬಲ್ಲ ಗಂಡಸು ಇನ್ನೂ ಹುಟ್ಟಿರಲಿಲ್ಲ. ನನ್ನ ಅದೃಷ್ಟಕ್ಕೆ ನಾದಿನಿ ಯಾವುದೋ ಮದುವೆಗೆ ಬಂದವಳು ತನ್ನ ಬ್ಲೀಚಿನ ಡಬ್ಬಿಯನ್ನು ನಮ್ಮ ಬಚ್ಚಲಲ್ಲೇ ಮರೆತು ಹೋಗಿದ್ದಳು. ಒಂದು ಕ್ರೀಮು, ಜೊತೆಗೊಂದು ಪುಡಿ. ಕ್ರೀಮಿಗೆ ಚಿಟಿಕೆ ಪುಡಿ ಬೆರೆಸಿ ಹತ್ತು ನಿಮಿಷ ಹಚ್ಚಿರಿ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಚಿಟಿಕೆ, ಹತ್ತು ನಿಮಿಷ. ಅದು ಹೆಣ್ಣುಮಕ್ಕಳ ಲೆಕ್ಕ. ಹನ್ನೊಂದು ವರ್ಷದ ಬಿಸಿಲಿಗೆ ಚಿಟಿಕೆ ಸಾಲುತ್ತದೆಯೇ? ಎಲೆಕ್ಷನ್‌ಗೆ ಎರಡು ದಿನವಿರುವಾಗ ರಜೆ ಹಾಕಿ, ಪುಡಿಯನ್ನೆಲ್ಲ ಸುರಿದು ಕಲಸಿ, ಹಣೆಯಿಂದ ಕತ್ತಿನವರೆಗೆ ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಂಡೆ. ಹುಬ್ಬು ಬಿಟ್ಟೆ. ಅಷ್ಟು ಬುದ್ಧಿ ಇತ್ತು. ಮೀಸೆ ಬಿಡಲಿಲ್ಲ. ಮೀಸೆಯ ಕೆಳಗೂ ಚರ್ಮವಿದೆ ತಾನೆ?

ನಲವತ್ತೈದು ನಿಮಿಷ ಕೂತಿದ್ದೆ. ಇಪ್ಪತ್ತೈದು ಎನ್ನುತ್ತಾಳೆ ಹೆಂಡತಿ ಸುಧಾ. ಮೊದಮೊದಲು ನಾನೂ ಅರ್ಧ ಗಂಟೆ ಎಂದೇ ಹೇಳುತ್ತಿದ್ದ ನೆನಪು. ಹೇಳಿದ ಹಾಗೆಲ್ಲ ನಿಮಿಷಗಳು ಕೂಡುತ್ತಾ ಬಂದಿವೆ. ಕಣ್ಣಲ್ಲಿ ಧಾರಾಕಾರ ನೀರು ಸುರಿದದ್ದು ಮಾತ್ರ ನಿಜ. ಉರಿ ಎಂದರೆ ಔಷಧಿ ಹಿಡಿಯುತ್ತಿದೆ ಎಂದು ಅರ್ಥ ಮಾಡಿಕೊಂಡು ಹಲ್ಲು ಕಚ್ಚಿದೆ.

ತೊಳೆದೆ. ಕನ್ನಡಿ ನೋಡಿದೆ.

ಮುಖ ಕೆಂಪಾಗಿತ್ತು. ಮೀಸೆ ಬಂಗಾರವಾಗಿತ್ತು!

ಉಪಮೆಗಾಗಿ ಹೇಳುತ್ತಿಲ್ಲ. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ನೂಲು ಇಳಿಬಿದ್ದಿರುತ್ತದಲ್ಲ, ಅದನ್ನೇ ಕಿತ್ತು ಮೂಗಿನ ಕೆಳಗೆ ಅಂಟಿಸಿದಂತಿತ್ತು. ಸುಧಾ ಒಳಗೆ ಬಂದವಳು ಬಾಗಿಲು ಹಿಡಿದು ನಿಂತಳು.

"ಏನ್ರೀ ಇದು! ಮೀಸೆಗೆ ಯಾರಾದ್ರೂ ಬ್ಲೀಚ್ ಹಾಕ್ತಾರಾ?"

"ಡಬ್ಬಿ ಮೇಲೆ ಮೀಸೆಗೆ ಹಾಕಬೇಡಿ ಅಂತ ಬರೆದಿಲ್ಲ ಕಣೆ."

"ಯಾಕ್ ಬರೀತಾರೆ? ನನ್ನ ತಂಗಿಗೆ ಮೀಸೆ ಇಲ್ಲ!"

"ಕರೀ ಡೈ ಹಚ್ಚಿಬಿಡ್ಲಾ?"

"ಹಚ್ಚಿ. ಸುಟ್ಟ ಚರ್ಮದ ಮೇಲೆ ಅದೊಂದು ಬಾಕಿ ಇದೆ. ನಾಳೆ ಆಸ್ಪತ್ರೆ ಮಂಚದ ಮೇಲಿಂದಾನೇ ವೋಟು ಕೇಳೋರಂತೆ."

ಉಳಿದದ್ದು ಒಂದೇ ದಾರಿ. ರೇಜರು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. "ಮೈಸೂರಲ್ಲಿ ನಮ್ಮ ಬೀದಿ ಗಂಡಸರೆಲ್ಲ ಹೀಗೇ ಇರ್ತಾರೆ. ನೀಟಾಗಿದೆ" ಎಂದಳು ಸುಧಾ. ಅದು ಸಮಾಧಾನಕ್ಕೆ ಹೇಳಿದ ಮಾತು. ನಾನು ಅದನ್ನು ಪ್ರಶಂಸಾಪತ್ರವೆಂದು ಸ್ವೀಕರಿಸಿದೆ.

ಮಾರನೇ ಬೆಳಿಗ್ಗೆ ಭೀಮನಬೀಡಿನ ದಾರಿಯಲ್ಲಿರುವ ನಮ್ಮೂರಿಗೆ ಹೊರಟೆ. ಪ್ರಚಾರಕ್ಕೆಂದು ಬಿಳಿ ಪಂಚೆ, ಬಿಳಿ ಅಂಗಿ. ಬಿಸಿಲು ತಾಗಿದರೆ ಮುಖ ಕೆಂಡವಾಗುತ್ತಿತ್ತು, ಅದಕ್ಕೆ ಒದ್ದೆ ಟವಲನ್ನು ತಲೆಯ ತುಂಬ ಒಂದು ಕೂದಲೂ ಕಾಣದಂತೆ ಸುತ್ತಿಕೊಂಡಿದ್ದೆ. ಕಣ್ಣು ಎರಡೂ ಕೆಂಪು. ಆಗಾಗ ನೀರು.

ಊರಬಾಗಿಲಲ್ಲಿ ಚಿಕ್ಕತಾಯಮ್ಮಜ್ಜಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ನಾನು ಬೈಕು ನಿಲ್ಲಿಸಿ ಕೈಮುಗಿದೆ. ಅಜ್ಜಿ ನನ್ನನ್ನು ನೋಡಿದರು. ಹೊರೆ ಕೆಳಗೆ ಬಿತ್ತು. "ಅಯ್ಯೋ ನನ್ನಪ್ಪಾ!" ಎಂದು ಬಾಯಿ ಬಡಿದುಕೊಳ್ಳುತ್ತಾ ಊರೊಳಕ್ಕೆ ಓಡಿದರು.

ನನ್ನ ಚರ್ಮದ ಬಗ್ಗೆ ಅಜ್ಜಿಗೆ ಎಷ್ಟೊಂದು ಕಾಳಜಿ! ಮನಸ್ಸು ತುಂಬಿ ಬಂತು.

ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ. ತಲೆ, ಮೀಸೆ ಎರಡೂ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಬಂಗಾರದ ಗಾಬರಿಯಲ್ಲಿ ತಲೆಗೆ ಬರಲಿಲ್ಲ, ಅಷ್ಟೆ. ಅದರ ಮೇಲೆ ಅಪ್ಪ, ಅವ್ವ ಇಬ್ಬರೂ ಹಿಂದಿನ ದಿನವೇ ಯಾರಿಗೂ ಹೇಳದೆ ಮನೆಗೆ ಬೀಗ ಹಾಕಿಕೊಂಡು ಚಾಮರಾಜನಗರಕ್ಕೆ ಹೋಗಿದ್ದರು. ಅಲ್ಲಿ ನೆಲೆಸಿದ್ದ ನಮ್ಮ ಸೋದರತ್ತೆಯ ಷೇರು ಇನ್ನೂ ಊರ ಡೈರಿಯಲ್ಲೇ ಇತ್ತು. ಆ ಒಂದು ವೋಟನ್ನು ಕರೆತರಲು ಹೋಗಿದ್ದರು. ಬೀಗ ಹಾಕಿದ ಮನೆ, ಬಿಳಿ ಪಂಚೆ, ಮುಚ್ಚಿದ ತಲೆ, ಇಲ್ಲದ ಮೀಸೆ. ಊರು ಲೆಕ್ಕ ಹಾಕಿತು.

ನಾನು ಹಾಕಲಿಲ್ಲ. ನಾನು ವೋಟು ಕೇಳುತ್ತಾ ಹೊರಟೆ!

ಎಂಥ ಸ್ವಾಗತ! ಜಗಲಿ ಜಗಲಿಯಲ್ಲೂ ಕೂರಿಸಿದರು. ನೀರು ಕೇಳದೆ ಬಂತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಬ್ಬರು ನನ್ನ ಕೈ ಹಿಡಿದು, "ಇಂಥ ಒತ್ತಲ್ಲೂ ಓಟು ಕೇಳಾಕೆ ಬಂದಿದ್ದೀಯಲ್ಲ ಮಗಾ, ನಿನ್ನಂಥೋನು ಊರಲ್ಲಿ ಯಾರವ್ರೆ?" ಎಂದರು. ಬ್ಲೀಚು ಇಷ್ಟು ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಹಿಂದಿನೆರಡು ಎಲೆಕ್ಷನ್‌ಗೂ ಹಚ್ಚುತ್ತಿದ್ದೆನಲ್ಲ ಎಂದುಕೊಂಡೆ.

ಅರಳಿಕಟ್ಟೆಗೆ ಬಂದರೆ ಅರ್ಧ ಊರು ಸೇರಿತ್ತು. ಮಧ್ಯೆ ಪುಟ್ಟಮಾದಪ್ಪ, ಕೈಯಲ್ಲಿ ಚೆಂಡುಹೂವಿನ ಹಾರ. ಸೇವಂತಿಗೆ ಎನ್ನುವವರೂ ಇದ್ದಾರೆ. ಅವರು ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪಾಪ, ಸೋಲೊಪ್ಪಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

"ಎರಡ್ ಸಲ ನಂಜಪ್ಪಣ್ಣನ ಸೋಲಿಸ್ದೆ," ಎಂದು ಶುರುಮಾಡಿದರು. "ಇವತ್ತು ನಿಜ ಯೋಳ್ಬುಡ್ತೀನಿ. ಈ ಊರಲ್ಲಿ ಆಲಿಗೆ ನೀರು ಬೆರಸ್ದೇ ಇದ್ದೋನು ಒಬ್ನೇ. ಅದು ನಂಜಪ್ಪಣ್ಣ. ನಾನೂ ಬೆರಸಿವ್ನಿ. ನೀವೂ ಬೆರಸಿದ್ದೀರಿ. ತಲೆ ತಗ್ಗಿಸ್ಬೇಡಿ, ಎಲ್ಲಾರ್ಗೂ ಗೊತ್ತು. ಆ ಪುಣ್ಯಾತ್ಮ ಬದುಕಿದ್ದಿದ್ರೆ ನಾಳೆ ನನ್ ಓಟೂ ಅವ್ನಿಗೇ."

ಬದುಕಿದ್ದಿದ್ರೆ?

ನನ್ನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆಗ ಹೊಳೆಯಿತು!

ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಅಪ್ಪ ಇಳಿದರು. ಹಿಂದೆ ಅವ್ವ, ಅವ್ವನ ಹಿಂದೆ ಸೋದರತ್ತೆ. ಅಪ್ಪ ಜನ ನೋಡಿದರು, ಹಾರ ನೋಡಿದರು, ಚಪ್ಪಲಿ ಬಿಟ್ಟು ಹತ್ತಿರ ಬಂದರು.

"ಯಾರ್ಲಾ ತೀರ್ಕಂಡೋರು?"

ಪುಟ್ಟಮಾದಪ್ಪ ಹಾರವನ್ನು ಬೆನ್ನ ಹಿಂದೆ ಸರಿಸಿದರು. ಕೊನೆಗೆ ಹಿಂದಿನಿಂದ ಯಾರೋ, "ನೀವೇ ಕಣಣ್ಣ," ಎಂದರು.

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿನ್ ಮೀಸೆ ಎಲ್ಲೋಯ್ತ್ಲಾ?"

ಹಾಲು ಉತ್ಪಾದಕರ ಮಹಾಸಭೆಯ ಸಮಕ್ಷಮದಲ್ಲಿ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ನಾನು ನಾದಿನಿಯ ಡಬ್ಬಿಯ ವೃತ್ತಾಂತವನ್ನು ಮೊದಲಿಂದ ಕೊನೆಯವರೆಗೆ ನಿವೇದಿಸಿದೆ. 'ಬಂಗಾರ' ಎಂಬಲ್ಲಿಗೆ ಬಂದಾಗ ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಮುಗಿಯುವ ಹೊತ್ತಿಗೆ ಅವ್ವನೂ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಬೆತ್ತ ಎತ್ತಿಯೇಬಿಟ್ಟರು ಎಂದುಕೊಂಡೆ. ಅವರು ಪುಟ್ಟಮಾದಪ್ಪನ ಕೈಯಿಂದ ಹಾರ ತೆಗೆದುಕೊಂಡು, ತಾವೇ ಕೊರಳಿಗೆ ಹಾಕಿಕೊಂಡು, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅದೇನೋ ಯೋಳ್ತಿದ್ಯಲ್ಲ ಪುಟ್ಮಾದಪ್ಪ, ಆಲು, ನೀರು ಅಂತ. ನಿಲ್ಲಿಸ್ಬುಟ್ಯಲ್ಲ. ನಾನೂ ಕೇಳನ, ಯೋಳು."

ಮಾರನೇ ದಿನ ಅಪ್ಪ ಹದಿನೇಳು ವೋಟಿನಿಂದ ಗೆದ್ದರು. ಪುಟ್ಟಮಾದಪ್ಪ ತಮ್ಮ ವೋಟನ್ನೂ ಅಪ್ಪನಿಗೇ ಹಾಕಿದೆನೆಂದು ಎಲ್ಲರ ಮುಂದೆ ಹೇಳಿದರು. "ಸತ್ತೋರ್ಗೆ ಕೊಟ್ಟ ಮಾತು ತಪ್ಪಬಾರ್ದು. ನೀನು ಬದುಕಿರೋದು ನನ್ ತಪ್ಪಲ್ಲ ಕಣಣ್ಣ" ಎಂದರು. ಹಸುಗಳು ಕೊಟ್ಟಿಗೆಯಲ್ಲೇ ಉಳಿದವು. ಅಪ್ಪ ಅವುಗಳ ಕೊರಳಿಗೂ ಹೂ ಕಟ್ಟಿದರು. ನನ್ನ ಭುಜ ಒಮ್ಮೆ ತಟ್ಟಿದ ಹಾಗೂ ನೆನಪು. ತಟ್ಟಿದ್ದು ಹಸುವಿನ ಬೆನ್ನನ್ನು ಎನ್ನುತ್ತಾಳೆ ಸುಧಾ.

ಇರಲಿ. ಗೆಲುವು ಗೆಲುವೇ! ಮೂಗಿನ ಕೆಳಗಿನ ನುಣುಪು ಚರ್ಮವನ್ನು ಪದಕದಂತೆ ಸವರಿಕೊಳ್ಳುತ್ತಾ ಬೀದಿಯಲ್ಲಿ ಅಡ್ಡಾಡಿದೆ. ಎಲ್ಲಕ್ಕೂ ಮೂಲವಾದ ಚಿಕ್ಕತಾಯಮ್ಮಜ್ಜಿಗೆ ಕೃತಜ್ಞತೆ ಸಲ್ಲಿಸುವುದು ಧರ್ಮವೆನಿಸಿ ಅವರ ಮನೆಗೆ ಹೋದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಿ, ನಾನು ಮೀಸೆ ಬೋಳಿಸಿದ್ದನ್ನ ನೀವು ಮೊದಲು ನೋಡಿದ್ದಕ್ಕೇ ಅಪ್ಪ ಗೆದ್ದಿದ್ದು."

ಅಜ್ಜಿ ಕಾಯಿ ಬದಿಗಿಟ್ಟು, ಕಣ್ಣು ಕಿರಿದು ಮಾಡಿ ನನ್ನ ಮೂಗಿನ ಕೆಳಗೆ ನೋಡಿದರು.

"ಮೀಸೆ ಬೋಳಿಸಿದ್ಯಾ? ನಾ ಅದ್ನ ನೋಡ್ನೇ ಇಲ್ಲ ಕಣ್ ಮಗಾ."

"ಮತ್ತೆ ಅಪ್ಪ ಹೋದರು ಅಂತ ಹೇಗೆ ಗೊತ್ತಾಯ್ತು?"

"ಮೊಕ ನೋಡ್ದೆ," ಎಂದರು ಅಜ್ಜಿ. "ಗೊತ್ತಾಗಾಕಿಲ್ವಾ?"

ಬ್ಲೀಚು ವ್ಯರ್ಥ. ರೇಜರು ವ್ಯರ್ಥ. ಅಪ್ಪನನ್ನು ಗೆಲ್ಲಿಸಿದ ಅಳುಮೋರೆ ಹುಟ್ಟಿದಾಗಿನಿಂದ ನನ್ನ ಹತ್ತಿರವೇ ಇತ್ತು!